ಹತ್ತನೇ ಹುಟ್ಟುಹಬ್ಬಕ್ಕೆ ಬಂದ ಎರಡು ಉಡುಗೊರೆ

ಮಕ್ಕಳೇ, ಈ ವಾರದ ಕಥೆ ಓದುವ ಮುಂಚೆ ಒಂದು ಕೆಲಸ ಮಾಡಿ. ಮನೆಯಲ್ಲಿ ಅಟ್ಲಾಸ್ ಇದ್ದರೆ ಹುಡುಕಿ ತನ್ನಿ. ಹೊಸದೇ ಆಗಬೇಕೆಂದಿಲ್ಲ. ಅಪ್ಪನೋ ಅಮ್ಮನೋ ಶಾಲೆಯಲ್ಲಿ ಬಳಸಿದ, ರಟ್ಟು ಕಿತ್ತುಹೋದ ಹಳೆಯದಾದರೂ ಸರಿ. ಯುರೋಪ್ ಮತ್ತು ಏಷ್ಯಾ ಎರಡೂ ಕಾಣುವ ಪುಟ ತೆರೆದು ತಾತನ ಪಕ್ಕದಲ್ಲೋ ಅಜ್ಜಿಯ ಪಕ್ಕದಲ್ಲೋ ಕೂತುಕೊಳ್ಳಿ. ಕಥೆ ಮುಂದೆ ಹೋದ ಹಾಗೆ ನಿಮ್ಮ ಬೆರಳೂ ನಕ್ಷೆಯ ಮೇಲೆ ಮುಂದೆ ಹೋಗಲಿ. ಇದು ಕಟ್ಟಿದ ಕಥೆಯಲ್ಲ, ನಿಜವಾಗಿ ನಡೆದದ್ದು.

ಬೆರಳನ್ನು ಮೊದಲು ಯುರೋಪಿನ ಪಶ್ಚಿಮದ ತುದಿಗೆ ತನ್ನಿ. ಅಲ್ಲಿ ಇಂಗ್ಲೆಂಡಿನ ಎಡಕ್ಕೆ ಐರ್ಲೆಂಡ್ ಎಂಬ ದ್ವೀಪ ಕಾಣುತ್ತದೆ. ಅದರ ದಕ್ಷಿಣದಲ್ಲಿ ವಾಟರ್‌ಫರ್ಡ್ ಎಂಬ ಕೌಂಟಿ ಇದೆ. ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ. ಆ ಕೌಂಟಿಯಲ್ಲಿ ಲಿಸ್ಮೋರ್ ಎಂಬ ಸಣ್ಣ ಊರು. ಡರ್ವ್ಲಾ ಮರ್ಫಿ ಬೆಳೆದದ್ದು ಅಲ್ಲೇ, ಹುಟ್ಟಿದ್ದು 1931ರ ನವೆಂಬರ್ 28ರಂದು. ಅಪ್ಪ ಕೌಂಟಿಯ ಗ್ರಂಥಪಾಲಕರು. ಹಾಗಾಗಿ ಮನೆಯಲ್ಲಿ ಪುಸ್ತಕಕ್ಕೆ ಬರವಿರಲಿಲ್ಲ. ಅಮ್ಮನಿಗೆ ಮಾತ್ರ ವಿಪರೀತ ಸಂಧಿವಾತ. ಡರ್ವ್ಲಾ ಇನ್ನೂ ಪುಟ್ಟ ಮಗುವಾಗಿದ್ದಾಗಲೇ ಅಮ್ಮನಿಗೆ ನಡೆದಾಡುವುದು ಆಗದೆ ಹೋಯಿತು.

1941ರಲ್ಲಿ ಡರ್ವ್ಲಾಳಿಗೆ ಹತ್ತು ತುಂಬಿತು. ಎರಡನೇ ಮಹಾಯುದ್ಧದ ಕಾಲ. ಅಂಗಡಿಗಳಲ್ಲಿ ಎಷ್ಟೋ ಸಾಮಾನು ಸಿಗದ ದಿನಗಳು. ಹುಟ್ಟುಹಬ್ಬಕ್ಕೆ ಅಪ್ಪ ಅಮ್ಮ ಒಂದು ಸೈಕಲ್ ಕೊಟ್ಟರು. ತಾತ ಒಂದು ಅಟ್ಲಾಸ್ ಕಳಿಸಿದರು. ಎರಡೂ ಹೊಸದಲ್ಲ, ಬೇರೆಯವರು ಬಳಸಿ ಬಿಟ್ಟ ಹಳೆಯ ವಸ್ತುಗಳು.

ಏರಿನ ಮೇಲೆ ಹಾಕಿದ ಲೆಕ್ಕ

ಕೆಲವೇ ದಿನ ಕಳೆದಿತ್ತು. ಊರಿನ ಹತ್ತಿರದ ಕಡಿದಾದ ಏರಿನಲ್ಲಿ ಡರ್ವ್ಲಾ ಸೈಕಲ್ ತುಳಿಯುತ್ತಿದ್ದಳು. ತುಳಿಯುತ್ತ ತುಳಿಯುತ್ತ ತನ್ನ ಕಾಲುಗಳನ್ನೇ ನೋಡಿದಳು. ಒಂದು ಕಾಲು ಕೆಳಗೆ, ಒಂದು ಕಾಲು ಮೇಲೆ. ಸೈಕಲ್ ನಿಧಾನವಾಗಿ ಮೇಲೆ ಏರುತ್ತಿತ್ತು. ಆಗ ಅವಳಿಗೆ ಹೊಳೆಯಿತು: ‘ಇದನ್ನೇ ಬಿಡದೆ ಸಾಕಷ್ಟು ದಿನ ಮಾಡುತ್ತ ಹೋದರೆ ಇಂಡಿಯಾವನ್ನೂ ತಲುಪಬಹುದಲ್ಲ!’

ನಗು ಬಂತೇ? ಲೆಕ್ಕ ಹಾಕಿ ನೋಡಿ, ಅವಳು ತಪ್ಪೇನೂ ಹೇಳಲಿಲ್ಲ. ಸಾಧಾರಣ ಸೈಕಲ್ಲಿನ ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು ಐದು ಮೀಟರ್ ಮುಂದೆ ಹೋಗುತ್ತದೆ. ಇನ್ನೂರು ಸುತ್ತಿಗೆ ಒಂದು ಕಿಲೋಮೀಟರ್. ಹನಿ ಹನಿ ಕೂಡಿದರೆ ಹಳ್ಳ ಎಂದು ನಮ್ಮ ಹಿರಿಯರು ಹೇಳುವುದಿಲ್ಲವೇ, ಅದೇ ಲೆಕ್ಕ. ನಕ್ಷೆ ನೋಡಿ. ಇಂಗ್ಲೆಂಡಿನ ಪಕ್ಕದ ಸಮುದ್ರವನ್ನು ಹಡಗಿನಲ್ಲಿ ದಾಟಿ ಫ್ರಾನ್ಸ್ ದೇಶದ ನೆಲಕ್ಕೆ ಕಾಲಿಟ್ಟರೆ ಅಲ್ಲಿಂದ ದೆಹಲಿಯವರೆಗೆ ದೊಡ್ಡ ಸಮುದ್ರ ಒಂದೂ ಅಡ್ಡ ಬರುವುದಿಲ್ಲ. ಆ ಮಾತನ್ನು ಅವಳಿಗೆ ತೋರಿಸಿಕೊಟ್ಟದ್ದು ತಾತನ ಅಟ್ಲಾಸ್.

ಈ ಯೋಚನೆಯನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ದೊಡ್ಡವರು ತಲೆ ಸವರಿ ನಗುತ್ತಾರೆ, ದೊಡ್ಡವಳಾದ ಮೇಲೆ ಮರೆತುಬಿಡುತ್ತೀಯ ಎನ್ನುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಗುಟ್ಟನ್ನು ಮನಸ್ಸಿನಲ್ಲೇ ಇಟ್ಟುಕೊಂಡಳು. ಎಷ್ಟು ವರ್ಷ? ಇಪ್ಪತ್ತೊಂದು ವರ್ಷ.

ಕಾದದ್ದು ಏಕೆ?

ಹದಿನಾಲ್ಕನೇ ವಯಸ್ಸಿಗೆ ಡರ್ವ್ಲಾ ಶಾಲೆ ಬಿಟ್ಟಳು. ಅಮ್ಮನ ಕಾಯಿಲೆ ಹೆಚ್ಚಾಗಿತ್ತು. ಎಬ್ಬಿಸಲು, ಕೂರಿಸಲು, ಊಟ ಮಾಡಿಸಲು ಮನೆಯಲ್ಲಿ ಒಬ್ಬರು ಇರಲೇಬೇಕಿತ್ತು. ಆ ಒಬ್ಬರು ಇವಳೇ ಆದಳು. ಅವಳ ವಯಸ್ಸಿನವರು ಓದಿ, ಕೆಲಸಕ್ಕೆ ಸೇರಿ, ಊರು ಬಿಟ್ಟು ಹೋದರು. ಇವಳು ಅಡುಗೆಮನೆ, ಅಮ್ಮನ ಕೋಣೆ, ಪುಸ್ತಕ ಇವುಗಳ ನಡುವೆ ಉಳಿದಳು.

ಈ ವರ್ಷಗಳ ಬಗ್ಗೆ ಮುಂದೆ ತನ್ನ ಆತ್ಮಕಥೆಯಲ್ಲಿ ಮುಚ್ಚುಮರೆ ಇಲ್ಲದೆ ಬರೆದಳು. ಕೊನೆಕೊನೆಗೆ ಮನೆಯೊಳಗೆ ಉಸಿರು ಕಟ್ಟಿದ ಹಾಗಾಗುತ್ತಿತ್ತು, ಮನಸ್ಸು ಕುಸಿದುಹೋಗಿತ್ತು ಎಂದು ಒಪ್ಪಿಕೊಂಡಳು. ಈ ಪುಟ ಓದುವ ಮಕ್ಕಳಲ್ಲಿ ಕೆಲವರ ಮನೆಯಲ್ಲೂ ಹಾಸಿಗೆ ಹಿಡಿದ ಹಿರಿಯರು ಇರಬಹುದು. ಆಟದ ಹೊತ್ತಿಗೇ ಮಾತ್ರೆ ಕೊಡಬೇಕಾಗುತ್ತದೆ, ರಜೆಯಲ್ಲಿ ಎಲ್ಲಿಗೂ ಹೋಗಲಾಗುವುದಿಲ್ಲ. ಆಗ ಬೇಸರ ಬಂದರೆ ತಾನು ಕೆಟ್ಟ ಮಗು ಎಂದುಕೊಳ್ಳಬೇಡಿ. ಪ್ರೀತಿಯೂ ಬೇಸರವೂ ಒಂದೇ ಮನಸ್ಸಿನಲ್ಲಿ ಇರಬಹುದು. ಡರ್ವ್ಲಾಳ ಮನಸ್ಸಿನಲ್ಲೂ ಎರಡೂ ಇದ್ದವು.

ಹಾಸಿಗೆ ಹಿಡಿದವರ ಕಡೆಯಿಂದಲೂ ಒಂದು ಮಾತಿದೆ. ಅದನ್ನು ಅಜ್ಜಿ ತಾತಂದಿರು ಗಮನಿಸಬೇಕು. ಆ ದಿನಗಳಲ್ಲೇ ನಡುನಡುವೆ ಡರ್ವ್ಲಾ ಕೆಲವು ವಾರಗಳ ಮಟ್ಟಿಗೆ ಸೈಕಲ್ ಹತ್ತಿ ಹೊರಗೆ ಹೋಗಿಬಂದಳು. ವೇಲ್ಸ್, ಇಂಗ್ಲೆಂಡ್, ಜರ್ಮನಿ, ಫ್ರಾನ್ಸ್, ಸ್ಪೇನ್ ನೋಡಿದಳು. ಹಾಗೆ ಹೋಗು ಎಂದು ಹುರಿದುಂಬಿಸಿದ್ದು ಯಾರು? ನಡೆಯಲಾರದ ಆ ಅಮ್ಮನೇ. ನಮ್ಮ ಭಾಷೆಯಲ್ಲಿ ನಾವು ಯಾರನ್ನೂ ‘ಹೋಗು’ ಎಂದು ಕಳಿಸುವುದಿಲ್ಲ, ‘ಹೋಗಿ ಬಾ’ ಎನ್ನುತ್ತೇವೆ. ಕನ್ನಡ ಬಾರದ ಆ ತಾಯಿ ಮಗಳಿಗೆ ಹೇಳಿದ್ದೂ ಅದನ್ನೇ. ಅವಳು ಹೋದಳು, ಬಂದಳು, ಮತ್ತೆ ಅಮ್ಮನ ಕೈ ಹಿಡಿದಳು.

ಅಪ್ಪ 1961ರಲ್ಲಿ ತೀರಿಕೊಂಡರು, ಅಮ್ಮ 1962ರಲ್ಲಿ. ಮನೆ ಖಾಲಿಯಾಯಿತು. ದುಃಖವೂ ಇತ್ತು, ಬಿಡುಗಡೆಯೂ ಇತ್ತು. ಮೂವತ್ತೊಂದು ವಯಸ್ಸಿನ ಡರ್ವ್ಲಾ ಹತ್ತು ವರ್ಷದ ಹುಡುಗಿ ಬಚ್ಚಿಟ್ಟಿದ್ದ ಗುಟ್ಟನ್ನು ಹೊರಗೆ ತೆಗೆದಳು.

ರಾಜ್ ಎಂಬ ಕುದುರೆ

ಅವಳ ಸೈಕಲ್ಲಿಗೆ ಒಂದು ಹೆಸರಿತ್ತು, ರಾಜ್. ನಮ್ಮ ರಾಜನಿಗೂ ಇದಕ್ಕೂ ಸಂಬಂಧವಿಲ್ಲ. ಸ್ಪೇನ್ ದೇಶದ ಪ್ರಸಿದ್ಧ ಕಥೆಯ ನಾಯಕ ಡಾನ್ ಕಿಹೋಟೆ ಎಂಬ ಹುಚ್ಚು ವೀರನ ಬಡಕಲು ಕುದುರೆಯ ಹೆಸರು ರೋಸಿನಾಂಟೆ. ಅದನ್ನೇ ಚಿಕ್ಕದು ಮಾಡಿ ಡರ್ವ್ಲಾ ತನ್ನ ಆರ್ಮ್‌ಸ್ಟ್ರಾಂಗ್ ಕೆಡೆಟ್ ಸೈಕಲ್ಲಿಗೆ ಇಟ್ಟಿದ್ದಳು.

ರಾಜ್‌ಗೆ ಗೇರ್ ಇತ್ತು. ಹೊರಡುವ ಮುಂಚೆ ಅದನ್ನು ಬಿಚ್ಚಿಸಿಬಿಟ್ಟಳು! ಗೇರ್ ಇದ್ದರೆ ಏರಿನಲ್ಲಿ ಪೆಡಲ್ ಹಗುರವಾಗುತ್ತದೆ, ಬೇಕಾದದ್ದೇ ಅಲ್ಲವೇ? ಆದರೆ ಗೇರಿನ ಸಣ್ಣ ಸಣ್ಣ ಭಾಗಗಳು ಕಲ್ಲುದಾರಿಯ ಏಟಿಗೆ, ಧೂಳಿಗೆ ಬೇಗ ಕೆಡುತ್ತವೆ. ಕೆಟ್ಟರೆ ಮರುಭೂಮಿಯ ನಡುವೆ ಸರಿಮಾಡುವವರು ಯಾರು? ಏರು ಬಂದರೆ ಇಳಿದು ತಳ್ಳಿದರಾಯಿತು ಎಂದು ಲೆಕ್ಕ ಹಾಕಿದಳು. ಇನ್ನೊಂದು ಉಪಾಯವನ್ನೂ ಮಾಡಿದಳು. ದಾರಿಯಲ್ಲಿ ಸಿಗುವ ದೊಡ್ಡ ಪಟ್ಟಣಗಳ ರಾಯಭಾರ ಕಚೇರಿಗಳಿಗೆ ಹೊಸ ಟೈರುಗಳನ್ನು ಮೊದಲೇ ಕಳಿಸಿಟ್ಟಳು. ಒಂದು ಟೈರು ಸವೆಯುವ ಹೊತ್ತಿಗೆ ಮುಂದಿನ ಊರಲ್ಲಿ ಇನ್ನೊಂದು ಕಾದಿರುತ್ತಿತ್ತು.

ಒಬ್ಬಳೇ ಹೊರಟಳು ಎಂದರೆ ಹಿಂದುಮುಂದು ನೋಡದೆ ಹೊರಟಳು ಎಂದಲ್ಲ ಮಕ್ಕಳೇ. ಒಬ್ಬರೇ ಹೋಗುವವರಿಗೆ ಇಬ್ಬರ ತಯಾರಿ ಬೇಕು.

ಮಂಜಿನ ದಾರಿ

ಈಗ ಬೆರಳನ್ನು ಫ್ರಾನ್ಸಿನ ಉತ್ತರ ತುದಿಯ ಡಂಕರ್ಕ್ ಬಂದರಿಗೆ ತನ್ನಿ. 1963ರ ಜನವರಿ 14ರಂದು ಪ್ರಯಾಣ ಶುರುವಾದದ್ದು ಅಲ್ಲಿಂದ. ಅವಳ ಅದೃಷ್ಟ ನೋಡಿ, ಆ ಚಳಿಗಾಲ ಪಶ್ಚಿಮ ಯುರೋಪು ಇಪ್ಪತ್ತನೇ ಶತಮಾನದಲ್ಲೇ ಕಂಡ ಅತಿ ಕಠಿಣ ಚಳಿಗಾಲಗಳಲ್ಲಿ ಒಂದು. ರಸ್ತೆಯ ಮೇಲೆಲ್ಲ ಗಾಜಿನಂಥ ಮಂಜುಗಡ್ಡೆ. ಸೈಕಲ್ ನಿಲ್ಲುವುದೇ ಕಷ್ಟ.

ಆಲ್ಪ್ಸ್ ಪರ್ವತಗಳನ್ನು ದಾಟುವಾಗ ಅವಳು ರೈಲು ಹತ್ತಿದಳು. ‘ಅಯ್ಯೋ, ಪೂರ್ತಿ ಸೈಕಲ್ಲಿನಲ್ಲೇ ಹೋಗಬೇಕಿತ್ತಲ್ಲ!’ ಎನ್ನುತ್ತೀರಾ? ಅವಳು ಪಂದ್ಯಕ್ಕೆ ಹೊರಟಿರಲಿಲ್ಲ, ಇಂಡಿಯಾ ತಲುಪಲು ಹೊರಟಿದ್ದಳು. ಮಂಜುಗಡ್ಡೆಯ ಮೇಲೆ ಬಿದ್ದು ಕಾಲು ಮುರಿದುಕೊಂಡರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಇಟಲಿಯ ನಂತರ ಯುಗೊಸ್ಲಾವಿಯ. ನಿಮ್ಮ ಅಟ್ಲಾಸಿನಲ್ಲಿ ಆ ಹೆಸರು ಹುಡುಕಿ. ಹೊಸ ಅಟ್ಲಾಸ್ ಆದರೆ ಸಿಗುವುದಿಲ್ಲ. ಆ ದೇಶ ಒಡೆದು ಈಗ ಸ್ಲೊವೇನಿಯ, ಕ್ರೊಯೇಷಿಯ, ಸರ್ಬಿಯ ಮುಂತಾದ ದೇಶಗಳಾಗಿವೆ. ತಾತನಿಗೆ ಹೆಸರು ನೆನಪಿರುತ್ತದೆ, ಕೇಳಿ.

ಅಲ್ಲಿ ಹಿಮ ಬೀಳುತ್ತಿದ್ದುದರಿಂದ ಡರ್ವ್ಲಾ ಒಂದು ಲಾರಿಯಲ್ಲಿ ಕೂತಳು. ಲಾರಿ ಜಾರಿ ಮರಕ್ಕೆ ಬಡಿಯಿತು, ಚಾಲಕನಿಗೆ ಪೆಟ್ಟಾಯಿತು. ಸಹಾಯ ಕರೆಯಲು ರಾತ್ರಿಯ ಕಾಡಿನೊಳಗೆ ಅವಳು ನಡೆದೇ ಹೊರಟಳು. ಆಗ ತೋಳಗಳು ಮೇಲೆ ಬಿದ್ದವು. ಒಂದು ಭುಜದ ಬಳಿ ಕೋಟಿಗೆ ಹಲ್ಲು ಹಾಕಿ ನೇತಾಡಿತು, ಇನ್ನೊಂದು ಕಾಲಿನ ಹತ್ತಿರ ಪ್ಯಾಂಟನ್ನು ಕಚ್ಚಿತು. ಅವಳ ಬಳಿ ಸಣ್ಣ ಪಿಸ್ತೂಲು ಇತ್ತು. ಅದರಿಂದ ಗುಂಡು ಹಾರಿಸಿ ತಪ್ಪಿಸಿಕೊಂಡಳು. ಈ ಘಟನೆಯನ್ನು ಅವಳೇ ತನ್ನ ಪುಸ್ತಕದಲ್ಲಿ ಬರೆದಿದ್ದಾಳೆ. ಹಲ್ಲು ಕೋಟಿಗೆ ತಗುಲಿತು, ಮೈಗೆ ತಗುಲಲಿಲ್ಲ. ದಪ್ಪ ಕೋಟು ಅವತ್ತು ಚಳಿಯಿಂದ ಮಾತ್ರವಲ್ಲ, ಹಲ್ಲಿನಿಂದಲೂ ಕಾಪಾಡಿತು.

ಬೆವರು ಕಾಣದ ಮರುಭೂಮಿ

ಬೆರಳು ಬಲ್ಗೇರಿಯ ದಾಟಲಿ, ಟರ್ಕಿ ದಾಟಲಿ. ಅರಾರತ್ ಪರ್ವತದ ಮಗ್ಗುಲಲ್ಲಿ ಹಾದು ಇರಾನಿಗೆ ಬರಲಿ. ಅಲ್ಲಿ ಟೆಹರಾನ್ ಮತ್ತು ಮಶ್ಹದ್ ಎಂಬ ಎರಡು ನಗರಗಳನ್ನು ಗುರುತಿಸಿ. ನಡುವಿನ ದಾರಿಯ ದಕ್ಷಿಣಕ್ಕೆ ದಷ್ತ್-ಎ-ಕವೀರ್ ಎಂಬ ದೊಡ್ಡ ಉಪ್ಪಿನ ಮರುಭೂಮಿ ಚಾಚಿಕೊಂಡಿದೆ. ಹಿಮದಿಂದ ಬಂದವಳು ಈಗ ಧೂಳು, ಬಿಸಿಲು, ಎದುರುಗಾಳಿಗೆ ಸಿಕ್ಕಿದಳು.

ಮರುಭೂಮಿಯಲ್ಲಿ ಸೈಕಲ್ ತುಳಿಯುವವರಿಗೆ ಒಂದು ಅಪಾಯವಿದೆ. ನಮ್ಮ ಮಂಗಳೂರಿನಲ್ಲೋ ಕಾರವಾರದಲ್ಲೋ ಬೇಸಿಗೆಯಲ್ಲಿ ಓಡಿದರೆ ಅಂಗಿ ತೊಯ್ದು ಮೈಗೆ ಅಂಟುತ್ತದೆ. ಗಾಳಿಯಲ್ಲಿ ಆಗಲೇ ತೇವ ಇರುವುದರಿಂದ ಬೆವರು ಆರುವುದಿಲ್ಲ. ಮರುಭೂಮಿಯ ಒಣಗಾಳಿಯಲ್ಲಿ ಬೆವರು ಬಂದ ಕೂಡಲೇ ಆರಿಹೋಗುತ್ತದೆ. ಅಂಗಿ ಒಣಗಿಯೇ ಇರುತ್ತದೆ, ಬೆವರಿದ್ದು ಗೊತ್ತೇ ಆಗುವುದಿಲ್ಲ. ಆದರೆ ಮೈಯೊಳಗಿನ ನೀರೂ ಉಪ್ಪೂ ಕಡಿಮೆಯಾಗುತ್ತಲೇ ಇರುತ್ತದೆ. ತಲೆ ಸುತ್ತಿದಾಗ ಎಚ್ಚರಾದರೆ ತಡವಾಗಿರುತ್ತದೆ. ಅದಕ್ಕೇ ಅಂಥ ಕಡೆ ಬಾಯಾರಿಕೆಗೆ ಕಾಯದೆ ನೀರು ಕುಡಿಯಬೇಕು.

ಒಳ್ಳೆಯ ರಸ್ತೆ ಸಿಕ್ಕರೆ ದಿನಕ್ಕೆ ಸರಾಸರಿ 70–80 ಮೈಲಿ ಸಾಗುತ್ತಿದ್ದಳು. ಎಂದರೆ ಸುಮಾರು 110ರಿಂದ 130 ಕಿಲೋಮೀಟರ್. ನಮ್ಮ ಹಳೆಯ ಲೆಕ್ಕದಲ್ಲಿ ಹೇಳುವುದಾದರೆ ಪೆಡಲ್ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸುತ್ತು!

ರಾತ್ರಿ ಎಲ್ಲಿ ಮಲಗುತ್ತಿದ್ದಳು? ಚಹಾ ಅಂಗಡಿಗಳಲ್ಲಿ, ಪೊಲೀಸ್ ಠಾಣೆಗಳಲ್ಲಿ, ಹಳ್ಳಿಯವರ ಮನೆಗಳಲ್ಲಿ. ಸೈಕಲ್ ತುಳಿಯುವ ಹೆಂಗಸನ್ನು ಎಂದೂ ಕಾಣದ ಜನ ಎಷ್ಟೋ ಕಡೆ ಅವಳನ್ನು ಗಂಡಸು ಎಂದೇ ತಿಳಿದರು. ಕೆಟ್ಟವರೂ ಸಿಕ್ಕಿದರು, ಅಪಾಯದ ರಾತ್ರಿಗಳೂ ಇದ್ದವು. ಆದರೆ ಹತ್ತರಲ್ಲಿ ಒಂಬತ್ತು ಸಲ ಭಾಷೆ ಬಾರದ ಅಪರಿಚಿತರು ರೊಟ್ಟಿ ಮುರಿದು ಕೊಟ್ಟರು, ಚಹಾ ಬಗ್ಗಿಸಿ ಕೊಟ್ಟರು. ಡಂಕರ್ಕಿನಿಂದ ದೆಹಲಿಯವರೆಗೆ ಅವಳಿಗೆ ತಗುಲಿದ ಖರ್ಚು ಸುಮಾರು 64 ಪೌಂಡ್. ಆರು ತಿಂಗಳಿಗೆ ಅಷ್ಟೇ. ಜನರ ಉಪಕಾರ ಇಲ್ಲದಿದ್ದರೆ ಅಷ್ಟರಲ್ಲಿ ಮುಗಿಯುತ್ತಿತ್ತೇ?

ಪಕ್ಕೆಲುಬು ಮುರಿದ ದೇಶವೇ ಇಷ್ಟದ ದೇಶ

ಮುಂದೆ ಆಫ್ಘಾನಿಸ್ತಾನ. ಹೆಂಗಸೊಬ್ಬಳು ಒಂಟಿಯಾಗಿ ಸೈಕಲ್ಲಿನಲ್ಲಿ ಹೋಗುವುದು ಬೇಡ ಎಂದು ಅಲ್ಲಿನ ಅಧಿಕಾರಿಗಳು ತಡೆದರು. ಹಾಗಾಗಿ ಕೆಲವು ಕಡೆ ಬಸ್ಸು, ಲಾರಿ ಹಿಡಿಯಬೇಕಾಯಿತು. ತಮಾಷೆ ನೋಡಿ, ಸೈಕಲ್ಲಿನಲ್ಲಿ ಆಗದ ಗಾಯ ಬಸ್ಸಿನಲ್ಲಿ ಆಯಿತು! ಕಿಕ್ಕಿರಿದ ಬಸ್ಸಿನೊಳಗೆ ಪ್ರಯಾಣಿಕರ ಜಗಳ ಎದ್ದಿತು. ಯಾರದೋ ಬಂದೂಕಿನ ಹಿಡಿ ಇವಳ ಮೈಗೆ ಬಡಿದು ಪಕ್ಕೆಲುಬು ಮುರಿಯಿತು.

ಇಷ್ಟಾದರೂ ದಾರಿಯ ದೇಶಗಳಲ್ಲೆಲ್ಲ ಅವಳು ಮನಸೋತದ್ದು ಆಫ್ಘಾನಿಸ್ತಾನಕ್ಕೆ. ಅಲ್ಲಿನ ಬೆಟ್ಟ, ಅಲ್ಲಿನ ಬೆಳಕು, ಅತಿಥಿಗೆ ಮನೆಯ ಉತ್ತಮ ಜಾಗ ಬಿಟ್ಟುಕೊಡುವ ಅಲ್ಲಿನ ಜನ. ಬಾಮಿಯಾನ್ ಕಣಿವೆಗೆ ಹೋದಾಗ ಬಂಡೆಯಲ್ಲಿ ಕೆತ್ತಿದ ದೊಡ್ಡ ಬುದ್ಧನ ವಿಗ್ರಹಗಳು ಇನ್ನೂ ನಿಂತಿದ್ದವು. ದೊಡ್ಡದು ಸುಮಾರು 55 ಮೀಟರ್ ಎತ್ತರ. ಶ್ರವಣಬೆಳಗೊಳದ ಗೊಮ್ಮಟನ ಮೂರು ಪಟ್ಟು ಎಂದುಕೊಳ್ಳಿ. 2001ರಲ್ಲಿ ತಾಲಿಬಾನ್ ಅವನ್ನು ಸಿಡಿಸಿ ಹಾಕಿತು. ಈಗ ಅಲ್ಲಿ ಬಂಡೆಯ ಪೊಟರೆ ಮಾತ್ರ ಇದೆ.

ಮರಳಿನಿಂದ ಹಿಮಕ್ಕೆ

ಖೈಬರ್ ಕಣಿವೆ ದಾಟಿ ಪಾಕಿಸ್ತಾನದ ಪೇಶಾವರಕ್ಕೆ ಬಂದಳು. ಅಲ್ಲಿಂದ ನೇರ ದೆಹಲಿಗೆ ಹೋಗಬಹುದಿತ್ತು. ಹೋಗಲಿಲ್ಲ. ಉತ್ತರದ ದೊಡ್ಡ ಬೆಟ್ಟಗಳನ್ನು ನೋಡಲೇಬೇಕೆಂದು ರಾವಲ್ಪಿಂಡಿಯಿಂದ ವಿಮಾನದಲ್ಲಿ ಗಿಲ್ಗಿಟ್‌ಗೆ ಹಾರಿ, ಅಲ್ಲಿಂದ ರಾಜ್ ಜೊತೆ ದಕ್ಷಿಣಕ್ಕೆ ಇಳಿದಳು.

ಇಲ್ಲಿ ಅಟ್ಲಾಸ್ ಚೆನ್ನಾಗಿ ನೋಡಿ. ಸಿಂಧೂ ನದಿಯ ಕಣಿವೆ. ನದಿಯ ದಂಡೆಯಲ್ಲಿ ಚಿಲಾಸ್ ಎಂಬ ಊರು. ತಲೆಯ ಮೇಲೆ 8,126 ಮೀಟರ್ ಎತ್ತರದ ನಂಗಾ ಪರ್ಬತ್, ವರ್ಷವಿಡೀ ಹಿಮ. ಕಾಲ ಕೆಳಗೆ ಸುಡುವ ಮರಳು, ಬಂಡೆ. ಹಿಮ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗದು! ಇಷ್ಟು ಹತ್ತಿರ ಮರುಭೂಮಿ ಹೇಗೆ ಬಂತು? ದಕ್ಷಿಣದಿಂದ ಬರುವ ಮಳೆಮೋಡಗಳನ್ನು ಎತ್ತರದ ಬೆಟ್ಟಗಳು ತಡೆದುಬಿಡುತ್ತವೆ. ಬೆಟ್ಟದ ಆಚೆ ಮಳೆ, ಈಚೆ ಒಣಗಾಳಿ. ಇದಕ್ಕೆ ಮಳೆನೆರಳು ಎನ್ನುತ್ತಾರೆ. ನಮ್ಮ ಆಗುಂಬೆಯಲ್ಲಿ ಜಡಿಮಳೆ ಸುರಿಯುವಾಗ ಚಳ್ಳಕೆರೆಯಲ್ಲಿ ರೈತರು ಆಕಾಶ ನೋಡುತ್ತ ಕೂತಿರುವುದೂ ಇದೇ ಕಾರಣಕ್ಕೆ.

ಆ ಕಣಿವೆಯ ಬಿಸಿಲಿಗೆ ಡರ್ವ್ಲಾ ಸೋತಳು. ತೋಳಗಳಿಗೆ ಹೆದರದವಳು ಬಿಸಿಲು ಬಡಿದು ಮಲಗಿದಳು. ಚೇತರಿಸಿಕೊಂಡ ಮೇಲೆ ಮುಂದಿದ್ದದ್ದು ಬಾಬುಸರ್ ಎಂಬ ಘಾಟಿ, ಸುಮಾರು 4,170 ಮೀಟರ್ ಎತ್ತರ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅದರ ಎರಡು ಪಟ್ಟಿಗಿಂತ ಹೆಚ್ಚು! ಅಷ್ಟು ಎತ್ತರದಲ್ಲಿ ಗಾಳಿ ತೆಳು. ಸಮುದ್ರಮಟ್ಟದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕದ ಸುಮಾರು ಮುಕ್ಕಾಲರಷ್ಟೂ ಸಿಗುವುದಿಲ್ಲ. ನಾಲ್ಕು ಹೆಜ್ಜೆ ಇಟ್ಟರೆ ನಿಂತು ಸುಧಾರಿಸಿಕೊಳ್ಳಬೇಕು. ಬೇಸಿಗೆಯಾದರೂ ಘಾಟಿಯಲ್ಲಿ ಹಿಮ ಪೂರ್ತಿ ಕರಗಿರಲಿಲ್ಲ. ಸೈಕಲ್ ತುಳಿಯಲು ರಸ್ತೆಯೇ ಇಲ್ಲದ ಜಾಗಗಳಲ್ಲಿ ರಾಜ್‌ನನ್ನು ತಳ್ಳಿದಳು, ಎಳೆದಳು, ಎತ್ತಿ ಹೊತ್ತಳು. ಇಷ್ಟು ದಿನ ಸವಾರನನ್ನು ಹೊತ್ತ ಕುದುರೆಯನ್ನು ಈಗ ಸವಾರನೇ ಹೊತ್ತ ಹಾಗಾಯಿತು.

ಘಾಟಿಯ ಆಚೆ ಇಳಿದರೆ ಕಾಗಾನ್ ಕಣಿವೆ. ಹಸಿರು ಹುಲ್ಲು, ದೇವದಾರು ಮರ, ತೊರೆ. ಒಂದೇ ಬೆಟ್ಟದ ಈಚೆ ಮರಳು, ಆಚೆ ಕಾಡು. ಪುಸ್ತಕದಲ್ಲಿ ಓದುವ ಮಳೆನೆರಳನ್ನು ಅವಳು ಕಾಲಿನಿಂದ ತಿಳಿದುಕೊಂಡಳು.

1963ರ ಜುಲೈನಲ್ಲಿ ದೆಹಲಿ ಬಂತು. ಏರಿನ ಮೇಲೆ ಹಾಕಿದ ಲೆಕ್ಕ ಸರಿಯಾಗಿತ್ತು.

ಬಂದವಳು ಏನು ಮಾಡಿದಳು?

ದೆಹಲಿ ತಲುಪಿದ ಮೇಲೆ ಫೋಟೊ ತೆಗೆಸಿಕೊಂಡು ವಿಮಾನ ಹತ್ತಬಹುದಿತ್ತು. ಆದರೆ ಆ ವರ್ಷಗಳಲ್ಲಿ ಟಿಬೆಟ್ ಬಿಟ್ಟು ಓಡಿಬಂದ ಸಾವಿರಾರು ಜನ ನಮ್ಮ ದೇಶದಲ್ಲಿ ನೆಲೆ ಹುಡುಕುತ್ತಿದ್ದರು. ನಮ್ಮ ಬೈಲುಕುಪ್ಪೆಯಲ್ಲಿ ಅವರ ಊರು ಎದ್ದದ್ದೂ ಆಗಲೇ. ಡರ್ವ್ಲಾ ಧರ್ಮಶಾಲೆಗೆ ಹೋಗಿ ಟಿಬೆಟಿನ ನಿರಾಶ್ರಿತ ಮಕ್ಕಳ ಶಿಬಿರದಲ್ಲಿ ದುಡಿದಳು. ಅಮ್ಮನ ಪಕ್ಕದಲ್ಲಿ ಹದಿನಾರು ವರ್ಷ ಕಲಿತ ಕೆಲಸ, ಕಾಯಿಲೆಯವರ ಮೈ ತೊಳೆಯುವುದು, ರಾತ್ರಿ ಎದ್ದು ನೋಡುವುದು, ಅವಳಿಗೆ ಹೊಸದಾಗಿರಲಿಲ್ಲ. ಕಳೆದುಹೋದ ವರ್ಷಗಳು ಎನ್ನುತ್ತೇವಲ್ಲ, ಅವು ಹಾಗೆ ಪೂರ್ತಿ ಕಳೆದುಹೋಗುವುದಿಲ್ಲ.

ದಾರಿಯಲ್ಲಿ ದಿನವೂ ಬರೆದ ದಿನಚರಿ 1965ರಲ್ಲಿ ‘ಫುಲ್ ಟಿಲ್ಟ್’ ಎಂಬ ಪುಸ್ತಕವಾಯಿತು. ಶಾಲೆಯನ್ನು ಹದಿನಾಲ್ಕಕ್ಕೆ ಬಿಟ್ಟವಳು ಮುಂದೆ ಇಪ್ಪತ್ತಕ್ಕೂ ಹೆಚ್ಚು ಪುಸ್ತಕ ಬರೆದಳು.

ಅದರಲ್ಲಿ ಒಂದು ನಮ್ಮದೇ ಕೊಡಗಿನ ಬಗ್ಗೆ! 1973ರ ಕೊನೆಯಲ್ಲಿ ಡರ್ವ್ಲಾ ತನ್ನ ಪುಟ್ಟ ಮಗಳ ಜೊತೆ ಮುಂಬಯಿಗೆ ಬಂದಿಳಿದಳು. ಮಗಳಿಗೆ ಐದು ತುಂಬಿದ್ದು ನಮ್ಮ ದೇಶದಲ್ಲೇ. ಈ ಸಲ ಸೈಕಲ್ ಇಲ್ಲ. ಮಗುವಿನ ಕಾಲಿನ ಅಳತೆಗೆ ಸರಿಯಾಗಿ ನಿಧಾನದ ಪ್ರಯಾಣ. ತಾಯಿ ಮಗಳು ವಿರಾಜಪೇಟೆ ಹತ್ತಿರದ ದೇವಣಗೇರಿಯಲ್ಲಿ ಮನೆ ಮಾಡಿಕೊಂಡು ಸುಮಾರು ಎರಡು ತಿಂಗಳು ಇದ್ದರು. ‘ಆನ್ ಎ ಶೂಸ್ಟ್ರಿಂಗ್ ಟು ಕೂರ್ಗ್’ ಎಂಬ ಪುಸ್ತಕ 1976ರಲ್ಲಿ ಬಂತು. ಕೊಡಗಿನ ಅಜ್ಜಿ ತಾತಂದಿರೇ, ಕಾಫಿ ತೋಟದ ದಾರಿಯಲ್ಲಿ ನಡೆದುಹೋಗುತ್ತಿದ್ದ ಆ ತಾಯಿ ಮಗಳನ್ನು ನೀವು ಕಂಡದ್ದುಂಟೇ?

ಇನ್ನು ಬಹುವಚನ

ಇಲ್ಲಿಯವರೆಗೆ ‘ಅವಳು’ ಎಂದೆವು. ಈಗ ಕೂದಲು ಬೆಳ್ಳಗಾಗಿದೆ, ಬಹುವಚನ ಹಾಕೋಣ.

1992ರಲ್ಲಿ, ಅರವತ್ತನೇ ವಯಸ್ಸಿನಲ್ಲಿ, ಡರ್ವ್ಲಾ ಅವರು ಆಫ್ರಿಕಾದ ಕೀನ್ಯದಿಂದ ಜಿಂಬಾಬ್ವೆಗೆ ಸೈಕಲ್ಲಿನಲ್ಲಿ ಹೋದರು. ಎಪ್ಪತ್ತರಲ್ಲಿ ರಷ್ಯದ ಸೈಬೀರಿಯದಲ್ಲಿ ಸೈಕಲ್ ತುಳಿಯಲು ಹೊರಟಾಗ ಮಂಡಿಗೆ ಪೆಟ್ಟಾಯಿತು. ಸೈಕಲ್ ಬದಿಗಿಟ್ಟು ರೈಲು, ದೋಣಿ ಹತ್ತಿ ಅದೇ ನಾಡನ್ನು ನೋಡಿದರು. ಎಪ್ಪತ್ತನಾಲ್ಕರಲ್ಲಿ ಮಗಳನ್ನೂ ಮೂವರು ಮೊಮ್ಮಕ್ಕಳನ್ನೂ ಕರೆದುಕೊಂಡು ಕ್ಯೂಬಾಕ್ಕೆ ಹೋದರು. ತಾತ ಕೊಟ್ಟ ಅಟ್ಲಾಸಿನಿಂದ ಶುರುವಾದದ್ದು ಅಜ್ಜಿಯಾಗಿ ಮೊಮ್ಮಕ್ಕಳ ಕೈ ಹಿಡಿಯುವವರೆಗೆ ಬಂತು. 2022ರ ಮೇ 22ರಂದು, ತೊಂಬತ್ತು ವರ್ಷ ತುಂಬಿದ ಮೇಲೆ, ಬೆಳೆದ ಲಿಸ್ಮೋರಿನಲ್ಲೇ ತೀರಿಕೊಂಡರು. ಪ್ರಪಂಚ ಸುತ್ತಿದರೂ ಊರು ಬಿಟ್ಟಿರಲಿಲ್ಲ.

ಈ ವಾರದ ಕೆಲಸ

ಮಕ್ಕಳಿಗೆ ಎರಡು ಕೆಲಸ. ಒಂದು: ಅಂಗಳದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು, ಸೈಕಲ್ಲಿನ ಪೆಡಲ್ ಒಂದು ಸುತ್ತು ತಿರುಗಿಸಿ, ಎಷ್ಟು ದೂರ ಹೋಯಿತೆಂದು ಟೇಪಿನಲ್ಲಿ ಅಳೆಯಿರಿ. ನಿಮ್ಮ ಮನೆಯಿಂದ ಶಾಲೆಗೆ ಎಷ್ಟು ಸುತ್ತು, ಅಜ್ಜಿಯ ತವರೂರಿಗೆ ಎಷ್ಟು ಸುತ್ತು, ಲೆಕ್ಕ ಹಾಕಿ. ನಾಳೆಯೇ ದೂರ ಹೊರಡಿ ಎನ್ನುತ್ತಿಲ್ಲ, ಮತ್ತೆ! ಡರ್ವ್ಲಾ ಹತ್ತಕ್ಕೆ ಯೋಚಿಸಿ ಮೂವತ್ತೊಂದಕ್ಕೆ ಹೊರಟದ್ದು ನೆನಪಿರಲಿ.

ಎರಡು: ತಾತನನ್ನೋ ಅಜ್ಜಿಯನ್ನೋ ಒಂದು ಪ್ರಶ್ನೆ ಕೇಳಿ. ‘ನಿಮಗೆ ಹತ್ತು ವರ್ಷವಾಗಿದ್ದಾಗ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಆಸೆ ಯಾವುದು?’ ಕೇಳಿ ಸುಮ್ಮನೆ ಕೂತಿರಿ. ಉತ್ತರ ಬರುವುದು ತಡವಾಗಬಹುದು.

ಹಿರಿಯರಿಗೂ ಒಂದು ಮಾತು. ಮನೆಯ ಭಾರ, ಮಕ್ಕಳ ಓದು, ಯಾರದೋ ಕಾಯಿಲೆ ಎಂದು ನೀವೂ ಎಷ್ಟನ್ನೋ ಬದಿಗಿಟ್ಟಿದ್ದೀರಿ. ಮೊಮ್ಮಗಳು ಕೇಳಿದಾಗ ‘ಅಯ್ಯೋ, ಅದೆಲ್ಲ ಈಗ ಯಾಕೆ’ ಎನ್ನಬೇಡಿ, ಹೇಳಿಬಿಡಿ. ಬೇಲೂರು ನೋಡುವುದೋ, ಈಜು ಕಲಿಯುವುದೋ, ಹಾರ್ಮೋನಿಯಂ ನುಡಿಸುವುದೋ, ಅದು ಈಗಲೂ ಆಗುವಂಥದ್ದೇ ಇರಬಹುದು. ಆಗದಿದ್ದರೂ ಕೇಳಿಸಿಕೊಂಡ ಮಗು ಮರೆಯುವುದಿಲ್ಲ. ಮುಂದಿನ ಹುಟ್ಟುಹಬ್ಬಕ್ಕೆ ಆ ಮಗುವಿಗೆ ಏನು ಕೊಡಲಿ ಎಂದು ಯೋಚಿಸುತ್ತಿದ್ದರೆ, ಪೇಟೆಯಲ್ಲಿ ಒಳ್ಳೆಯ ಅಟ್ಲಾಸ್ ಸಿಗುತ್ತದೆ. ಹಳೆಯದಾದರೂ ಪರವಾಗಿಲ್ಲ.